ಹೂ ಬಿಡದ ಗಡ್ಡೆ ಹೊತ್ತು ಗೋವೆಗೆ

ಹಾರವಾಡ

ನಮ್ಮ ಕಡೆಯಿಂದ ಪರದೇಶಕ್ಕೆ ಹೋದವರು ಬಹಳ ಮಂದಿ ಇಲ್ಲ. ಹೋದವರು ಮುಂಬಯಿಯಲ್ಲಿ ಹಡಗು ಹತ್ತಿ, ವಾರಗಟ್ಟಲೆ ವಾಂತಿ ಮಾಡಿಕೊಂಡು, ಬಿಳಿಯರ ಊರು ನೋಡಿ ಬಂದು, ಮುಂದೆ ಬದುಕಿರುವಷ್ಟು ಕಾಲ ಅದನ್ನೇ ಹೇಳುತ್ತಾರೆ. ನಾನು ಹೋದ ಪರದೇಶಕ್ಕೆ ಕಾಳಿ ನದಿ ದಾಟಿ ಎತ್ತಿನ ಗಾಡಿಯಲ್ಲಿ ಕೂತರೆ ಮಧ್ಯಾಹ್ನದ ಹೊತ್ತಿಗೆ ತಲುಪಬಹುದು. ಅಲ್ಲಿಯೂ ತೆಂಗಿನ ಮರ, ಅಲ್ಲಿಯೂ ಮೀನು, ಅಲ್ಲಿಯೂ ನಮ್ಮಂತೆಯೇ ಬೆವರು. ಆದರೆ ಬಾವುಟ ಬೇರೆ, ನಾಣ್ಯ ಬೇರೆ, ಆಳುವವರು ಪೋರ್ತುಗೀಜರು. ಆದ್ದರಿಂದ ಗೋವೆಗೆ ಹೋಗಿ ಬಂದ ನಾನೂ ಪರದೇಶ ಕಂಡವನೇ. ಇದರಲ್ಲಿ ಯಾರೂ ತಕರಾರು ತೆಗೆಯಬಾರದು.

ನನ್ನ ಕಸುಬು ಗಡ್ಡೆ. ಗೆಣಸು, ಸುವರ್ಣಗಡ್ಡೆಯಲ್ಲ, ಹೂವಿನ ಗಡ್ಡೆ. ಸುಗಂಧರಾಜ, ಬಗೆಬಗೆಯ ಲಿಲ್ಲಿ, ಮಳೆ ಬಿದ್ದ ಮರುದಿನ ನೆಲದಿಂದ ಏಳುವ ಗುಲಾಬಿ ಬಣ್ಣದ ಸಣ್ಣ ಹೂವು, ಇಂಥವು. ಹರೆಯದಲ್ಲಿ ಕಾರವಾರದ ಒಬ್ಬ ಸಾಹೇಬರ ಬಂಗಲೆಯಲ್ಲಿ ತೋಟದ ಕೆಲಸಕ್ಕಿದ್ದೆ. ಆ ಸಾಹೇಬರಿಗೆ ಗಡ್ಡೆಗಳ ಹುಚ್ಚು. ಅವರು ವಿಲಾಯತಿಗೆ ಮರಳಿದರು, ಹುಚ್ಚು ನನ್ನಲ್ಲಿ ಉಳಿಯಿತು. ಈಗ ಹಾರವಾಡದ ನಮ್ಮ ಮರಳು ನೆಲದಲ್ಲಿ ಗಡ್ಡೆ ಬೆಳೆದು ಧಾರವಾಡ, ಬೆಳಗಾವಿಗಳಿಗೆ ಟಪಾಲಿನಲ್ಲಿ ಕಳಿಸುತ್ತೇನೆ. ಊರಿನವರು ನನ್ನನ್ನು ಗಡ್ಡೆ ನಾಯ್ಕರು ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ಆ ಹೆಸರಿಗೇ ಕಾಗದಗಳು ಬರುತ್ತವೆ.

ವರ್ಷಕ್ಕೊಮ್ಮೆ ನಾನು ಗಿರಾಕಿಗಳಿಗೆ ಒಂದು ಪಟ್ಟಿ ಬರೆದು ಕಳಿಸುತ್ತೇನೆ. ಹೂವಿನ ಹೆಸರು, ಬಣ್ಣ, ಬೆಳೆಸುವ ಕ್ರಮ. ಆ ಪಟ್ಟಿಯ ನನ್ನ ಸ್ವಂತ ಪ್ರತಿಯಲ್ಲಿ ಒಂದು ಹೂವಿನ ಮುಂದೆ ಬೆಳೆಸುವ ಕ್ರಮ ಖಾಲಿಯಾಗಿತ್ತು. ಹದಿನೆಂಟು ವರ್ಷ ಖಾಲಿಯಾಗಿತ್ತು.

ಅದು ನನ್ನ ಹೆಂಡತಿ ನಾಗವೇಣಿಯ ಹೂವು. ಅವಳು ಹಿಲ್ಲೂರಿನವಳು. ಮದುವೆಯಾಗಿ ಬರುವಾಗ ತಾಯಿಯ ಅಂಗಳದಿಂದ ಏಳು ಗಡ್ಡೆಗಳನ್ನು ಅರಿವೆಯಲ್ಲಿ ಗಂಟು ಕಟ್ಟಿ ತಂದಿದ್ದಳು. ಕಾಡಿನ ಬಿಳಿ ಲಿಲ್ಲಿ. ಆರು ತೆಳ್ಳನೆಯ ಎಸಳು, ನಡುವೆ ಅಂಚೆಲ್ಲ ಹಲ್ಲುಹಲ್ಲಾದ ಒಂದು ಬಟ್ಟಲು, ಮೊದಲ ಮಳೆಗೆ ಅರಳುತ್ತದೆ ಎಂದು ಅವಳು ಹೇಳಿದ್ದೇ ಹೊರತು ನಾನು ಕಂಡದ್ದಿಲ್ಲ. ನಮ್ಮಲ್ಲಿ ಅದು ಎಲೆ ಬಿಟ್ಟಿತು, ಹೂ ಬಿಡಲಿಲ್ಲ, ಮರಿಯನ್ನೂ ಹಾಕಲಿಲ್ಲ. ಮೀನಿನ ಗೊಬ್ಬರ ಹಾಕಿದೆ. ಹಿಲ್ಲೂರಿನಿಂದ ಕೆಂಪು ಮಣ್ಣು ತರಿಸಿದೆ. ಬಿಸಿಲಿಗಿಟ್ಟೆ, ನೆರಳಿಗಿಟ್ಟೆ. ಸುಡುವ ಬೇಸಿಗೆಯಲ್ಲೂ ಎರಡು ಹೊತ್ತು ನೀರು ಹನಿಸಿ ಕೂಸಿನ ಹಾಗೆ ನೋಡಿಕೊಂಡೆ. ಅಷ್ಟರಲ್ಲಿ ಹಿಲ್ಲೂರಿನ ಅತ್ತೆ ತೀರಿಕೊಂಡರು, ಭಾವಮೈದುನ ಮನೆ ಬದಲಿಸಿದ, ಹಳೆಯ ಅಂಗಳದಲ್ಲಿ ಬಾಳೆ ಎದ್ದಿತು. ಆ ಅಂಗಳದ್ದೆಂದು ಉಳಿದದ್ದು ನಮ್ಮ ಏಳು ಗಡ್ಡೆ ಮಾತ್ರ.

ಕಳೆದ ಸುಗ್ಗಿಯ ಹೊತ್ತಿಗೆ ಕಾರವಾರದ ಕಾಯ್ತಾನ್ ದರ್ಜಿ ಒಂದು ಮದುವೆಗೆ ಸುಗಂಧರಾಜ ಕೇಳಿಕೊಂಡು ನಮ್ಮಲ್ಲಿಗೆ ಬಂದಿದ್ದ. ಹೂವಿನ ಮಾತಿಗೆ ಹೂವು ಬಂತು. ನಾಗವೇಣಿ ಜಗಲಿಯ ಕೆಳಗೆ ಮೀನು ಹೆಚ್ಚುತ್ತ ತನ್ನ ತವರಿನ ಹೂವಿನ ಚಹರೆ ಹೇಳಿದಳು.

"ನಾಗವೇಣಿ ಬಾಯಿ, ನೀವು ಹೇಳೂ ಹೂವು ಮಡಗಾಂವದಾಗೆ ನಮ್ಮ ಮಾವಶಿ ಮನೆಲಿ ವರ್ಸಾ ವರ್ಸಾ ಆಗ್ತದೆ," ಎಂದ ಕಾಯ್ತಾನ್. "ಮಳೆಗಾಲದ ಸಾಂ ಜುವಾಂವ್ ಹಬ್ಬಕ್ಕೆ ತಲೆಗೆ ಕಟ್ಟೂದೇ ಅದ್ನ. ಮನೆ ತುಂಬಾ ವಾಸನೆ."

ನಾಗವೇಣಿ ಕತ್ತಿಯಿಂದ ಕೈ ತೆಗೆಯದೆ ಹೇಳಿದಳು, "ಆ ವಾಸನೆ ಹ್ಯಾಂಗಿತ್ತು ಹೇಳೂದೇ ನಂಗೆ ಮರ್ತು ಹೋಗದೆ."

ಅವಳು ದೂರಲಿಲ್ಲ, ಅಳಲಿಲ್ಲ. ಮೀನಿನ ಬೆಲೆ ಹೇಳುವ ಹಾಗೆ ಹೇಳಿಬಿಟ್ಟಳು. ಆದರೆ ನನಗೆ ಅಂದು ಊಟ ಸೇರಲಿಲ್ಲ. ಧಾರವಾಡದ ಯಾರೋ ವಕೀಲರ ಹೆಂಡತಿಗೆ ಹೂವು ಅರಳಿಸಿಕೊಟ್ಟವನು ನಾನು, ಸ್ವಂತ ಹೆಂಡತಿಗೆ ಒಂದು ಹೂವು ತೋರಿಸಲಾರದೆ ಹೋದೆ. ಏಳರಲ್ಲಿ ಮೂರು ಗಡ್ಡೆ ಕಿತ್ತು, ಎಲೆ ಕತ್ತರಿಸಿ, ಚೀಲಕ್ಕೆ ಹಾಕಿದೆ. ಗೋವೆಗೆ ಹೋಗಿ ಕಾಯ್ತಾನನ ಆ ಮಾವಶಿಯನ್ನೇ, ಎಂದರೆ ಅವನ ದೊಡ್ಡಮ್ಮನನ್ನೇ, ಕೇಳಿ ಬರುವುದೆಂದು ನಿಶ್ಚಯಿಸಿದೆ.

ಹೊರಡುವ ಬೆಳಿಗ್ಗೆ ನಾಗವೇಣಿ ಕೊಡೆ ತಂದು ಕೊಟ್ಟಳು. ಚೈತ್ರದಲ್ಲಿ ಕೊಡೆ ಯಾಕೆಂದು ನಾನು ಬೇಡವೆಂದೆ.

"ನಾನು ಹೇಳಿದ್ದು ನೀವು ಯಾವಾಗ ಕೇಳೀರಿ," ಎಂದಳು. "ಅಲ್ಲಿಯವ್ರು ಹೇಳಿದ್ದಾದ್ರೂ ಕೇಳ್ಕೊಂಡು ಬನ್ನಿ."

ಕೊಡೆಯ ಮಾತೆಂದು ತಿಳಿದು ನಾನು ನಕ್ಕು ಹೊರಟೆ.

ಕದ್ವಾಡ

ಕದ್ವಾಡದಲ್ಲಿ ನನ್ನ ಅಕ್ಕನ ಮನೆ. ಗಂಗಕ್ಕನಿಗೆ ನಾನು ಪರದೇಶಕ್ಕೆ ಹೋಗುತ್ತಿರುವುದು ದೊಡ್ಡ ಸುದ್ದಿಯಾಗಿ, ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನನ್ನು ನೋಡಿ ಹೋದರು. ಮೂರು ದಿನದ ಪ್ರಯಾಣಕ್ಕೆ ಅಕ್ಕ ಹದಿನೈದು ದಿನದ ಬುತ್ತಿ ಕಟ್ಟಿದಳು. ಅವಲಕ್ಕಿ, ಬೆಲ್ಲ, ಮಾವಿನಮಿಡಿ, ಒಣ ರೊಟ್ಟಿ. ಅಲ್ಲಿಯವರು ಅನ್ನ ತಿನ್ನುವುದಿಲ್ಲ ಎಂದು ಯಾರೋ ಅವಳಿಗೆ ಹೇಳಿದ್ದರು.

"ತಮಾ, ಆ ಟೊಪ್ಪಿ ತೆಗ್ದು ಚೀಲದಾಗೆ ಹಾಕು," ಎಂದಳು. ನನ್ನ ತಲೆಯ ಮೇಲೆ ಗಾಂಧಿ ಟೊಪ್ಪಿಯಿತ್ತು. "ಗಡಿ ಮೇಲೆ ಇದ್ನ ಕಂಡ್ರೆ ಹಿಡೀತ್ರಂತೆ. ಹೂವಿನ ಗಡ್ಡೆ ತಕಂಡು ಹೋಗಿ ಜೇಲಿಗೆ ಬಿದ್ದ ಹೇಳಿದ್ರೆ ನಾನು ಊರಲ್ಲಿ ಮುಖ ಹ್ಯಾಂಗೆ ತೋರ್ಸೂದು?"

ದೇಶಕ್ಕಾಗಿ ಜೇಲಿಗೆ ಹೋದರೆ ಅವಳಿಗೆ ಅಡ್ಡಿಯಿರಲಿಲ್ಲ. ಅಂಕೋಲೆಯ ಕಡೆ ಉಪ್ಪಿನ ಗಲಾಟೆಯಲ್ಲಿ ನಮ್ಮವರೇ ಎಷ್ಟೋ ಜನ ಹೋಗಿ ಬಂದಿದ್ದರು. ಗಡ್ಡೆಗಾಗಿ ಹೋಗುವುದು ಮಾತ್ರ ಮರ್ಯಾದೆಯ ಪ್ರಶ್ನೆ. ಟೊಪ್ಪಿ ಚೀಲದ ತಳ ಸೇರಿತು. ಮರುದಿನ ನಸುಕಿಗೆ ಭಾವ ತಮ್ಮ ದೋಣಿಯಲ್ಲಿ ಕಾಳಿಯುದ್ದಕ್ಕೂ ಇಳಿಸಿಕೊಂಡು ಹೋಗಿ ಸದಾಶಿವಗಡದ ಬದಿಗೆ ಬಿಟ್ಟರು. ಅಲ್ಲಿಂದ ಮಾಜಾಳಿಗೆ, ಮಾಜಾಳಿಯಿಂದ ಗಡಿಯಾಚೆಗೆ ಗಾಡಿ.

ಪೋಳೆಂ

ಪೋಳೆಂ ಎಂದರೆ ಗೋವೆಯ ಮೊದಲ ಊರು. ಪರದೇಶ ಶುರುವಾಗುವುದು ಒಂದು ಬಿದಿರಿನ ಅಡ್ಡಗಳದಿಂದ. ಗಳದ ಈಚೆಗೆ ನಿಂತ ಗೇರು ಮರದ ಟೊಂಗೆ ಆಚೆಗೆ ಬಾಗಿತ್ತು, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸುಂಕದ ಕಾವಲುಗಾರ ದಪ್ಪ ಮೀಸೆಯ ಒಬ್ಬ ಗೋವೆಯವನೇ. ಸುಂಕದ ಕಟ್ಟೆಯ ಪಕ್ಕ ಮೂರು ಕಲ್ಲಿನ ಒಲೆಯ ಮೇಲೆ ಅವನ ಮಧ್ಯಾಹ್ನದ ಸಾರಿಗೆ ನೀರು ಕಾಯುತ್ತಿತ್ತು. ನಮ್ಮ ಮಾತು ಕೊಂಕಣಿಯಲ್ಲಿ ನಡೆಯಿತು. ಓದುವವರಿಗಾಗಿ ನಮ್ಮ ಊರ ಕನ್ನಡದಲ್ಲಿ ಬರೆಯುತ್ತೇನೆ.

ಅವನು ನನ್ನ ಚೀಲ ತಡಕಿ, ಟೊಪ್ಪಿಯನ್ನು ನೋಡಿಯೂ ನೋಡದವನಂತೆ ಬದಿಗಿಟ್ಟ. ಅಕ್ಕನ ಅವಲಕ್ಕಿಯನ್ನು ಮೂಸಿದ. ಗಡ್ಡೆಯ ಗಂಟು ಬಿಚ್ಚಿ, "ಇದೆಂತ?" ಎಂದು ಕೇಳಿದ.

"ಹೂವಿನ ಗಡ್ಡೆ. ಮಡಗಾಂವದಾಗೆ ಒಬ್ರಿಗೆ ತೋರ್ಸೂಕೆ."

"ಹೂವಿನ ಗಡ್ಡೆ ತೋರ್ಸೂಕೆ ಯಾರಾದ್ರೂ ಮಡಗಾಂವಕ್ಕೆ ಹೋಗ್ತ್ರಾ ಬಾಬಾ?"

ಯೋಚಿಸಿದರೆ ಅವನ ಸಂಶಯ ನ್ಯಾಯದ್ದೇ. ಅವನು ಗಂಟನ್ನು ಒಳಗೆ ಒಯ್ದು, ಸ್ವಲ್ಪ ಹೊತ್ತಿಗೆ ತಂದುಕೊಟ್ಟು, ಹೋಗಿ ಎಂದು ಕೈ ಬೀಸಿದ.

ಎರಡು ಮೈಲು ಹೋದ ಮೇಲೆ ಗಾಡಿಯಲ್ಲಿ ಕೂತು ಗಂಟು ಬಿಚ್ಚಿದೆ. ಗಡ್ಡೆ ಎರಡೇ ಇದ್ದವು. ಕಾಯುತ್ತಿದ್ದ ನೀರು ಕಣ್ಣ ಮುಂದೆ ಬಂತು. ಈ ಲಿಲ್ಲಿಯ ಗಡ್ಡೆ ನೋಡುವುದಕ್ಕೆ ನೀರುಳ್ಳಿಯ ತಮ್ಮ, ಹೊಟ್ಟೆಗೆ ಹೋದರೆ ವಿಷ. ಒಮ್ಮೆ ನಮ್ಮ ನಾಯಿ ಅದರ ಎಲೆ ಅಗಿದು ಎರಡು ದಿನ ಸತ್ತಂತೆ ಬಿದ್ದಿತ್ತು.

ಗಾಡಿಯವನು, "ಬಿಡಿ ಮಾರಾಯ್ರೇ, ಒಂದು ನೀರುಳ್ಳಿ ಹೋಯ್ತು ಅಷ್ಟೇ ಅಲ್ವಾ," ಎಂದ. ನಾನು ಪಂಚೆ ಎತ್ತಿ ಕಟ್ಟಿ ಬಂದ ದಾರಿಯಲ್ಲೇ ಓಡಿದೆ. ಐವತ್ತರ ಹತ್ತಿರದ ಮನುಷ್ಯ ಚೈತ್ರದ ಬಿಸಿಲಿನಲ್ಲಿ ಎರಡು ಮೈಲು ಓಡುವುದು ಚಂದದ ನೋಟವಲ್ಲ. ಕೊಡೆ ಇದ್ದರೆ ಚೆನ್ನಾಗಿತ್ತು ಎಂದು ಆಗ ಅನ್ನಿಸಿತು.

ಕಾವಲುಗಾರ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಗಡ್ಡೆ ಸಣ್ಣಗೆ ಹೆಚ್ಚಿ ಹಲಗೆಯ ಮೇಲಿತ್ತು. ಅವನು ಲೋಳೆಯಾದ ಚೂರಿಯನ್ನು ತಿರುಗಿಸಿ ನೋಡುತ್ತಿದ್ದ.

"ಬಾಬಾ, ನಿಮ್ಮ ಊರ ನೀರುಳ್ಳಿ ಕಣ್ಣಲ್ಲಿ ನೀರೇ ತರೂದಿಲ್ವಲ್ಲ," ಎಂದ.

"ಸಾರಿಗೆ ಹಾಕಿದ್ರೆ ನಿಮ್ಮ ಮನೆಯವ್ರ ಕಣ್ಣಲ್ಲಿ ತರ್ತಿತ್ತು," ಎಂದು ನಾನು ಏದುಸಿರಿನಲ್ಲಿ ಹೇಳಿದೆ. "ವಿಷ ಅದು. ಕೈ ತೊಳ್ಕಳಿ."

ಅವನು ಕೈಯನ್ನು ಮೂರು ಸಲ ತೊಳೆದ, ಚೂರಿಯನ್ನು ಮೂರು ಸಲ ತೊಳೆದ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ನಾನು ಹಲಗೆಯ ಮೇಲಿನ ಚೂರುಗಳನ್ನು ಒಂದೊಂದಾಗಿ ನೋಡಿದೆ. ಗಡ್ಡೆಯನ್ನು ಕೊಯ್ದರೆ ಮುಂದಿನ ಹೂವಿನ ಮೊಗ್ಗು ನಡುವೆ ಅಕ್ಕಿಕಾಳಿನಷ್ಟು ಕಾಣಬೇಕು. ಇದರಲ್ಲಿ ಎಲೆಯ ಮೇಲೆ ಎಲೆ, ಪದರದ ಒಳಗೆ ಪದರ, ಮೊಗ್ಗಿಲ್ಲ. ಬರುವ ಮಳೆಗೂ ಹೂವಿಲ್ಲ ಎಂದು ಆ ಹಲಗೆಯ ಮುಂದೆಯೇ ಅನ್ನಿಸಿತು. ಹಿಲ್ಲೂರಿನ ಅಂಗಳದ ಏಳರಲ್ಲಿ ಒಂದು ಕಡಿಮೆಯಾದದ್ದಕ್ಕಿಂತ ಇದು ಹೆಚ್ಚು ನೋಯಿಸಿತು.

"ನೀವು ಸುಮ್ನೆ ಹೋಗಿದ್ರೆ ನಾನು ಎಂತಕ್ಕೆ ಸತ್ತೆ ಹೇಳಿ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದ ಕಾವಲುಗಾರ, ತಲೆ ತಗ್ಗಿಸಿ. ಒಳಗೆ ಹೋಗಿ ಒಂದು ಕಾಗದದ ಮೇಲೆ ಏನೋ ಗೀಚಿ, ಮೊಹರು ಒತ್ತಿ ಕೊಟ್ಟ. ದಾರಿಯಲ್ಲಿ ಯಾರು ತಡೆದರೂ ತೋರಿಸಿ ಎಂದ. ಆ ರಾತ್ರಿ ಕಾಣಕೋಣದಲ್ಲಿ ಉಳಿದು ಮರುದಿನ ಮೋಟಾರು ಹತ್ತುವಾಗ ಒಬ್ಬ ಪೋಲೀಸು ಅದನ್ನು ಓದಿ ನನಗೆ ಸಲಾಮು ಹೊಡೆದ. ಅದರಲ್ಲಿ ಏನು ಬರೆದಿದೆಯೋ ಇಂದಿಗೂ ನನಗೆ ಗೊತ್ತಿಲ್ಲ. ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಮಡಗಾಂವ

ನಾನು ಮಡಗಾಂವಕ್ಕೆ ಮುಟ್ಟಿದಾಗ ಊರಿಗೆ ಊರೇ ನಿದ್ದೆ ಮಾಡುತ್ತಿತ್ತು. ಮಧ್ಯಾಹ್ನ ಒಂದು ಗಂಟೆ. ಅಂಗಡಿ ಮುಚ್ಚಿತ್ತು, ಬಾಗಿಲು ಮುಚ್ಚಿತ್ತು, ಹಂದಿಗಳು ಕೂಡ ನೆರಳಿನಲ್ಲಿ ಅಡ್ಡಬಿದ್ದಿದ್ದವು. ನಮ್ಮಲ್ಲೂ ಉಂಡ ಮೇಲೆ ಕಣ್ಣು ಮುಚ್ಚುವವರಿದ್ದಾರೆ, ಆದರೆ ಯಾರಾದರೂ ಬಂದರೆ ಎದ್ದು ಕೂತು, ಮಲಗಿರಲಿಲ್ಲ ಎನ್ನುತ್ತಾರೆ. ಅಲ್ಲಿ ಅದು ಕಾಯಿದೆಯಂತೆ ನಡೆಯುತ್ತದೆ, ನಾಚಿಕೆಯಿಲ್ಲ. ಇದೊಂದನ್ನು ನಮ್ಮವರು ಅವರಿಂದ ಕಲಿಯಬಹುದು.

ಕಾಯ್ತಾನನ ಮಾವಶಿಯ ಮನೆ ಸಿಕ್ಕಿತು. ಗೋವೆಯಲ್ಲಿ ಮನೆಯ ಮುಂಬಾಗಿಲಿನ ಎರಡೂ ಬದಿಗೆ ಕೂರಲು ಗಾರೆಯ ಕಟ್ಟೆಗಳಿರುತ್ತವೆ, ದಾರಿಯಲ್ಲಿ ಹೋಗುವವರನ್ನು ಒಬ್ಬರನ್ನೂ ಬಿಡದೆ ಮಾತಾಡಿಸುವುದಕ್ಕೆ. ನಾನು ಅದರ ಮೇಲೆ ಕೂತು ಗಡಿಯಾರ ಮೂರು ಹೊಡೆಯುವವರೆಗೆ ಅಕ್ಕನ ಅವಲಕ್ಕಿ ತಿಂದೆ. ಕೊನೆಗೆ ಬಾಗಿಲು ತೆರೆಯಿತು. ಎಪ್ಪತ್ತು ದಾಟಿದ ಗುಂಡಗಿನ ಮುದುಕಿ. ಹೆಸರು ಎಸ್ಪೆರಾನ್ಸಾ. ಕಾಯ್ತಾನನ ಹೆಸರು ಹೇಳಿದೆ.

"ಅಂವ ಹೊಲಿದ ಅಂಗಿ ತೋಳು ಇನ್ನೂ ಒಂದು ಉದ್ದ ಒಂದು ಗಿಡ್ಡ ಇರ್ತದಾ?" ಎಂದು ಮೊದಲು ಕೇಳಿದಳು. ಆಮೇಲೆ ನನ್ನ ಹಣೆಯ ಗಂಧ ನೋಡಿ ಒಳಗೆ ಹೋಗಿ, ಕೆತ್ತದ ಎಳನೀರನ್ನೂ ಕೊಯ್ತಾ ಎಂಬ ಬಾಗುಕತ್ತಿಯನ್ನೂ ತಂದು ನನ್ನ ಮುಂದಿಟ್ಟಳು. "ನೀವೇ ಕೆತ್ಕಳಿ ಪುತಾ. ನಾನು ಮುಟ್ಟಿದ್ದಾಯ್ತು ಹೇಳಿ ನಿಮ್ಮ ದೇವ್ರು ಸಿಟ್ಟು ಮಾಡೂದು ಬೇಡ, ನೀವು ಬಾಯಾರಿ ಹೋದ್ರಿ ಹೇಳಿ ನನ್ನ ದೇವ್ರು ಸಿಟ್ಟು ಮಾಡೂದೂ ಬೇಡ."

ಇಷ್ಟು ಹಗುರಾಗಿ ಇಬ್ಬರು ದೇವರ ಮರ್ಯಾದೆ ಉಳಿಸಿದವರನ್ನು ನಾನು ಬೇರೆ ಕಂಡಿಲ್ಲ. ಎಳನೀರು ಕುಡಿದು ಎರಡು ಗಡ್ಡೆಗಳನ್ನು ಅವಳ ಕೈಗಿಟ್ಟೆ. ಅವಳು ಒತ್ತಿ ನೋಡಿ, ಮೂಸಿ, ತಲೆಯಾಡಿಸಿದಳು.

"ಅದೇ ಜಾತಿ. ಆದ್ರೆ ಇದು ಮಲಗೇ ಇಲ್ಲ, ಪಾಪ. ಇಷ್ಟು ಹಸಿ ಯಾಕೆ?"

"ಬೇಸಿಗೆಲೂ ನೀರು ಹಾಕ್ತೆ, ಮಾಯ್. ಎರಡು ಹೊತ್ತು."

"ಎರಡು ಹೊತ್ತು," ಎಂದು ಅವಳು ನನ್ನನ್ನು ಕನಿಕರದಿಂದ ನೋಡಿದಳು.

ನಿಮ್ಮ ಗಡ್ಡೆಗಳ ಮಡಿ ತೋರಿಸಿ ಎಂದೆ. ಹಿತ್ತಲಿನಲ್ಲಿ ಬಸಳೆಯಿತ್ತು, ಮೆಣಸಿನ ಗಿಡವಿತ್ತು, ಲಿಲ್ಲಿಯ ಸುಳಿವಿಲ್ಲ. ಅವಳು ನಗುತ್ತ ಅಡಿಗೆಮನೆಯ ಬಾಗಿಲಿಗೆ ಕರೆದು, "ಮೇಲೆ ನೋಡಿ," ಎಂದಳು.

ಒಲೆಯ ಮೇಲೆ ಅಡ್ಡ ಕಟ್ಟಿದ ಗಳ. ಗಳದಿಂದ ಒಣಮೀನಿನ ಸರ, ಹಂದಿಮಾಂಸದ ಕೆಂಪು ಸರ, ನೀರುಳ್ಳಿಯ ಜಡೆ. ನೀರುಳ್ಳಿಯ ಜಡೆಯ ಪಕ್ಕದಲ್ಲಿ ಹೊಗೆಯಿಂದ ಕಪ್ಪಾದ ಇನ್ನೊಂದು ಜಡೆ, ಒಣಗಿದ ಎಲೆಗಳನ್ನು ಹೆಣ್ಣುಮಕ್ಕಳ ಹೆರಳಿನಂತೆ ಹೆಣೆದದ್ದು. ಲಿಲ್ಲಿಯ ಗಡ್ಡೆಗಳು.

"ಮಳೆಗಾಲ ಮುಗದ ಮೇಲೆ ಅಗೀತೆ, ಹೆಣೀತೆ, ಹೊಗೆಗೆ ಕಟ್ತೆ. ಮೋಡ ಕಂಡ ಮೇಲೆ ಇಳ್ಸಿ ಊರ್ತೆ. ಅಷ್ಟೇ. ನಮ್ಮ ಅತ್ತೆನೂ ಹಾಂಗೇ ಮಾಡ್ತಿದ್ರು."

ನಾನು ಆ ಜಡೆಯನ್ನು ಮೊದಲೂ ಕಂಡಿದ್ದೆ. ನಮ್ಮದೇ ಮನೆಯಲ್ಲಿ, ನಮ್ಮದೇ ಒಲೆಯ ಮೇಲೆ, ಮದುವೆಯಾದ ಮೊದಲ ದೀಪಾವಳಿಯಲ್ಲಿ. ನಾಗವೇಣಿ ಏಳು ಗಡ್ಡೆಗಳನ್ನು ಹೀಗೆಯೇ ಹೆಣೆದು ಕಟ್ಟಿದ್ದಳು. ನಾನು ಸಾಹೇಬರ ಬಂಗಲೆಯಿಂದ ಹೊಸದಾಗಿ ವಿದ್ಯೆ ಕಲಿತು ಬಂದವನು. ಹೂವಿನ ಗಡ್ಡೆ ಎಂದರೆ ನೀರುಳ್ಳಿ ಎಂದು ತಿಳಿದೆಯಾ, ಹೊಗೆಗೆ ಹಾಳಾಗುವುದಿಲ್ಲವಾ ಎಂದು ನಾಲ್ಕು ಜನರ ಮುಂದೆ ಹೇಳಿ, ಸ್ಟೂಲು ಹತ್ತಿ, ಚೂರಿಯಿಂದ ಜಡೆ ಕತ್ತರಿಸಿದ್ದೆ. ಅವಳು ಕೊಡ ಎತ್ತಿಕೊಂಡು ಬಾವಿಗೆ ಹೋಗಿದ್ದಳು. ಇಷ್ಟನ್ನೂ ನಾನು ಮರೆತಿದ್ದೆ. ಅವಳು ಮರೆತಿರಲಿಲ್ಲ. ಕೊಡೆ ಕೊಟ್ಟ ಬೆಳಿಗ್ಗೆ ಆಡಿದ ಮಾತು ಕೊಡೆಯದ್ದಲ್ಲವೆಂದು ಮಡಗಾಂವದ ಅಡಿಗೆಮನೆಯ ಬಾಗಿಲಲ್ಲಿ ನನಗೆ ಗೊತ್ತಾಯಿತು. ನಾಚಿಕೆಯಿಂದ ಕಣ್ಣು ತುಂಬಿತು.

"ಹೊಗೆ ತಾಗ್ತದಾ ಪುತಾ?" ಎಂದು ಮುದುಕಿ ಕೇಳಿದಳು.

"ಹೌದು, ಮಾಯ್," ಎಂದೆ.

ಗಡ್ಡೆಗೆ ಗಡ್ಡೆ ಬದಲು ಮಾಡಿಕೊಂಡೆವು. ನನ್ನದೊಂದನ್ನು ಅವಳು ಇಟ್ಟುಕೊಂಡಳು, ಅವಳ ಹೊಗೆಯುಂಡ ಜಡೆಯಿಂದ ಒಂದನ್ನು ನನಗೆ ಬಿಡಿಸಿ ಕೊಟ್ಟಳು. ಅಂದು ದೇವಸ್ಥಾನದ ಛತ್ರದಲ್ಲಿ ಉಳಿದು ಮರುದಿನ ಊರ ದಾರಿ ಹಿಡಿದೆ. ಗೋವೆಯಲ್ಲಿ ನೋಡಬೇಕಾದ, ಕ್ರೈಸ್ತರ ದೊಡ್ಡ ದೊಡ್ಡ ಇಗರ್ಜಿಗಳಿವೆಯಂತೆ. ನಾನು ನೋಡಿದ್ದು ಒಂದು ಅಡಿಗೆಮನೆ.

ಮತ್ತೆ ಹಾರವಾಡ

ಮನೆಗೆ ಬಂದಾಗ ನಾಗವೇಣಿ ಬಾವಿಯ ಕಡೆ ಇದ್ದಳು. ನಾನು ಕಾಲು ತೊಳೆದು ನೇರ ಅಡಿಗೆಮನೆಗೆ ಹೋಗಿ, ಮುದುಕಿಯ ಗಡ್ಡೆಯನ್ನೂ ನಮ್ಮದೊಂದನ್ನೂ ಕತ್ತದ ಹುರಿಯಲ್ಲಿ ಬಿಗಿದು, ಸ್ಟೂಲು ಹತ್ತಿ ಒಲೆಯ ಮೇಲಿನ ಗಳಕ್ಕೆ ಕಟ್ಟತೊಡಗಿದೆ. ಅವಳು ಕೊಡ ಹೊತ್ತು ಒಳಗೆ ಬಂದು ನಿಂತಳು.

"ಅದೆಂತ ಕಟ್ಟೂದು?"

"ಗಡ್ಡೆ."

"ಹೊಗೆಗೆ ಹಾಳಾಗೂದಿಲ್ವಾ?"

ನನ್ನ ಮಾತನ್ನೇ ಅವಳು ಹದಿನೆಂಟು ವರ್ಷ ಜೋಪಾನವಾಗಿ ಇಟ್ಟುಕೊಂಡು ನನಗೇ ಮರಳಿಸಿದಳು. ಸ್ಟೂಲಿನ ಮೇಲೆ ನಿಂತವನಿಗೆ ಓಡಿಹೋಗಲು ಜಾಗವಿರುವುದಿಲ್ಲ.

"ನಂದು ತಪ್ಪಾಯ್ತು," ಎಂದೆ.

ಅವಳು ಕೊಡ ಇಳಿಸಿದಳು. ಗಳವನ್ನು ನೋಡಿದಳು. "ಅಷ್ಟು ಮೇಲೆ ಅಲ್ಲ," ಎಂದಳು. "ಇನ್ನೊಂದು ಗೇಣು ಕೆಳಗೆ ಬಿಡಿ. ಅವ್ವ ಹಾಂಗೆ ಕಟ್ತಿದ್ಲು."

ಕುಂಡದಲ್ಲಿ ಉಳಿದ ನಾಲ್ಕನ್ನು ಅವಳೇ ಅಗೆದು, ನೆರಳಿಗೆ ಬಾಡಿಸಿ, ಹೆಣೆದಳು. ಬೆರಳುಗಳು ಒಂದು ಸಲವೂ ತಡವರಿಸಲಿಲ್ಲ. ಮುಂದಿನ ಎರಡು ತಿಂಗಳು ನಾನು ಒಲೆಯ ಕಡೆ ದಿನಕ್ಕೆ ಹತ್ತು ಸಲ ಇಣುಕಿದೆ, ಅವಳು ಹತ್ತು ಸಲವೂ ಹೊರಗೆ ಕಳಿಸಿದಳು.

ಮೃಗಶಿರೆಯ ಮಳೆಗೆ ಊರಿದೆವು. ಎಂಟನೆಯ ದಿನ ಮುದುಕಿಯ ಗಡ್ಡೆ ದಂಟು ಎತ್ತಿ ಹೂ ಬಿಟ್ಟಿತು. ಆರು ಎಸಳು, ಹಲ್ಲುಹಲ್ಲಿನ ಬಟ್ಟಲು, ಹೇಳಿದ್ದು ಹೇಳಿದ ಹಾಗೆ. ನಾನು ಕುಣಿಯುವುದೊಂದು ಬಾಕಿ. ನಾಗವೇಣಿ ಬಗ್ಗಿ ಮೂಸಿ ಎದ್ದಳು.

"ಚಂದ ಅದೆ," ಎಂದಳು. "ಆದ್ರೆ ಇದಲ್ಲ."

ಜಾತಿ ಒಂದೇ, ವಾಸನೆಯೂ ಒಂದೇ ಇರಬೇಕು ಎಂದು ನಾಲಿಗೆಯ ತುದಿಗೆ ಬಂತು. ಈ ಸಲ ನುಂಗಿಕೊಂಡೆ. ಹಿಲ್ಲೂರಿನ ಐದರಲ್ಲಿ ನಾಲ್ಕು ಬರೀ ಎಲೆ ಬಿಟ್ಟವು. ಎರಡು ತಿಂಗಳ ಹೊಗೆ ಅವಕ್ಕೆ ಸಾಲಲಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಐದನೆಯದು ಆರ್ದ್ರೆಯ ಒಂದು ಸಂಜೆ, ಮಳೆ ನಿಂತು ಹೊಳವಾದಾಗ, ಗೇಣುದ್ದದ ದಂಟಿನ ಮೇಲೆ ಒಂದೇ ಒಂದು ಹೂವು ಅರಳಿಸಿತು. ನಾನು ಕರೆದೆ. ಅವಳು ಒದ್ದೆ ನೆಲದಲ್ಲೇ ಮೊಣಕಾಲೂರಿ ಮುಖ ಹತ್ತಿರ ತಂದಳು. ಬಹಳ ಹೊತ್ತು ಏಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಹೂವನ್ನು ಕೀಳದೆ, ಒಳಗೆ ಹೋದಳು.

ಮರುದಿನ ಪಟ್ಟಿ ಬರೆಯಲು ಕೂತೆ. ಹಿಲ್ಲೂರಿನ ಬಿಳಿ ಲಿಲ್ಲಿ ಎಂದು ಬರೆದು, ಬೆಳೆಸುವ ಕ್ರಮದ ಮುಂದೆ ಲೇಖನಿ ನಿಲ್ಲಿಸಿ, ನೀನೇ ಹೇಳು ಎಂದೆ. ಅವಳು ಅಕ್ಕಿ ಕೇರುತ್ತ ಹೇಳಿದಳು, ನಾನು ಬರೆದುಕೊಂಡೆ. ಮಳೆಗಾಲ ಮುಗಿದ ಮೇಲೆ ಅಗೆಯಬೇಕು. ಎಲೆ ಸಮೇತ ಹೆಣೆಯಬೇಕು. ಒಲೆಯ ಮೇಲೆ, ಹೊಗೆ ತಾಗುವಷ್ಟು ಕೆಳಗೆ ಕಟ್ಟಬೇಕು.

"ಮುಗೀತಾ?" ಎಂದು ಕೇಳಿದೆ.

"ಇನ್ನೊಂದು ಬರ್ಕಳಿ," ಎಂದಳು ಮೊರದಿಂದ ತಲೆಯೆತ್ತದೆ. "ಮಳೆ ಬರೂ ತನಕ ಇಳಿಸಬಾರದು. ಗಂಡ ಹೇಳಿದ್ರೂ ಇಳಿಸಬಾರದು."

ಈ ವರ್ಷದ ಪಟ್ಟಿಯಲ್ಲಿ ಹಾಗೆಯೇ ಬರೆದು ಕಳಿಸಿದ್ದೇನೆ.